ಮರಿ ಹುಟ್ಟುವ ಮುನ್ನ

ಮಳೆಗಾಲ ಮುಗಿದು ಕಾರ್ತೀಕ ಹತ್ತಿರವಾದಂತೆ ನಮ್ಮ ಊರುಕೇರಿಗಳಲ್ಲಿ ನಾಯಿಗಳ ಹಿಂಡು ದೊಡ್ಡದಾಗುತ್ತದೆ. ಒಂದು ಹೆಣ್ಣಿನ ಹಿಂದೆ ಐದಾರು ಗಂಡು, ರಾತ್ರಿಯಿಡೀ ಬೊಗಳಾಟ, ಕಚ್ಚಾಟ. ಕಾರ್ತೀಕ ಮಾಸದ ನಾಯಿಗಳು ಎಂಬ ಬೈಗುಳವನ್ನು ಕೇಳದವರು ಯಾರು? ಆ ಬೈಗುಳದ ಹಿಂದೆ ಹಳ್ಳಿಗರ ಸರಿಯಾದ ಗಮನಿಕೆಯಿದೆ. ಭಾರತದ ಬೀದಿನಾಯಿಗಳು ಬೆದೆಗೆ ಬರುವುದು ಮಳೆಗಾಲದ ಕೊನೆಯಿಂದ ಚಳಿಗಾಲದ ಆರಂಭದವರೆಗೆ ಹೆಚ್ಚು. ಹಾಗಾಗಿ ಮರಿಗಳೂ ಹೆಚ್ಚಾಗಿ ಹುಟ್ಟುವುದು ಚಳಿಗಾಲದಲ್ಲಿ. ಆಗ ಸಂತೆ ಮೈದಾನದಲ್ಲಿ, ದೇವಸ್ಥಾನದ ಕಟ್ಟೆಯ ಮೇಲೆ, ಪಶು ಆಸ್ಪತ್ರೆಯ ಗೇಟಿನ ಬಳಿ ರಟ್ಟಿನ ಪೆಟ್ಟಿಗೆಗಳು ಕಾಣಿಸಿಕೊಳ್ಳುತ್ತವೆ. ಒಳಗೆ ಕಣ್ಣು ಬಿಟ್ಟಿರದ ಅಥವಾ ಈಗಷ್ಟೇ ಬಿಟ್ಟ ಮರಿಗಳು.

ಬೀದಿಯ ತಾಯಿನಾಯಿ ತನ್ನ ಮರಿಗಳನ್ನು ಪೆಟ್ಟಿಗೆಯಲ್ಲಿ ತುಂಬಿ ಬಿಟ್ಟುಬರುವುದಿಲ್ಲ. ಆ ಕೆಲಸ ಮಾಡುವವರು ಮನುಷ್ಯರು, ಅದರಲ್ಲೂ ಹೆಣ್ಣು ನಾಯಿಯನ್ನು ಸಾಕಿ ಅದು ಮರಿ ಹಾಕುವವರೆಗೆ ಸುಮ್ಮನಿದ್ದವರು. ನಾಯಿ ಸಾಕುವುದೆಂದರೆ ಅನ್ನ ಹಾಕುವುದು, ಲಸಿಕೆ ಕೊಡಿಸುವುದು, ಮುದ್ದು ಮಾಡುವುದು ಮಾತ್ರ ಎಂದುಕೊಂಡವರು ಹೊಣೆಯ ಅರ್ಧಭಾಗವನ್ನು ಬಿಟ್ಟಿದ್ದಾರೆ. ನಾಯಿಯ ಸಂತಾನದ ಹೊಣೆಯೂ ಸಾಕಿದವರದೇ. ಅದನ್ನು ಹೊರಲು ನಮ್ಮಲ್ಲಿರುವ ಅತ್ಯಂತ ಭರವಸೆಯ ಉಪಾಯ ಸಂತಾನಹರಣ ಶಸ್ತ್ರಚಿಕಿತ್ಸೆ. ಅದರ ಲಾಭವೇನು, ಅಪಾಯವೇನು, ಯಾವ ನಾಯಿಗೆ ಯಾವ ವಯಸ್ಸಿನಲ್ಲಿ ಮಾಡಿಸಬೇಕು ಎಂಬುದನ್ನು ಈ ಅಧ್ಯಾಯದಲ್ಲಿ ವಿವರವಾಗಿ ನೋಡೋಣ.

ಬೆದೆಯ ದಿನಗಳು

ಹೆಣ್ಣು ನಾಯಿ ಸಾಮಾನ್ಯವಾಗಿ 6ರಿಂದ 12 ತಿಂಗಳೊಳಗೆ ಮೊದಲ ಸಲ ಬೆದೆಗೆ ಬರುತ್ತದೆ. ಸಣ್ಣ ತಳಿಗಳಲ್ಲಿ ಇದು ಬೇಗ, ಗ್ರೇಟ್ ಡೇನ್‌ನಂಥ ಭಾರೀ ತಳಿಗಳಲ್ಲಿ ಇನ್ನಷ್ಟು ತಡ. ಆಮೇಲೆ ಸುಮಾರು ಆರೇಳು ತಿಂಗಳಿಗೊಮ್ಮೆ ಬೆದೆ ಮರಳುತ್ತದೆ. ಮೊದಲ ಹಂತದಲ್ಲಿ ಯೋನಿದ್ವಾರ ಊದಿಕೊಂಡು ರಕ್ತಮಿಶ್ರಿತ ಸ್ರಾವ ಕಾಣಿಸುತ್ತದೆ. ಈ ಹಂತ ಸರಾಸರಿ ಒಂಬತ್ತು ದಿನ. ಗಂಡು ನಾಯಿಗಳು ವಾಸನೆ ಹಿಡಿದು ಗೇಟಿನ ಮುಂದೆ ಬೀಡುಬಿಟ್ಟರೂ ಹೆಣ್ಣು ಅವನ್ನು ಹತ್ತಿರ ಸೇರಿಸುವುದಿಲ್ಲ. ಎರಡನೆಯ ಹಂತವೂ ಸರಾಸರಿ ಒಂಬತ್ತು ದಿನ. ಆಗ ಸ್ರಾವದ ಬಣ್ಣ ತಿಳಿಯಾಗುತ್ತದೆ, ಹೆಣ್ಣು ಗಂಡನ್ನು ಒಪ್ಪಿಕೊಳ್ಳುತ್ತದೆ.

ಸಾಕುವವರು ಎಡವುವುದು ಇಲ್ಲೇ. ರಕ್ತ ನಿಂತಿತು, ಬೆದೆ ಮುಗಿಯಿತು ಎಂದುಕೊಂಡು ಅವರು ನಾಯಿಯನ್ನು ಅಂಗಳಕ್ಕೆ ಬಿಡುತ್ತಾರೆ. ಗರ್ಭ ಕಟ್ಟುವ ಸಾಧ್ಯತೆ ಅತಿ ಹೆಚ್ಚಿರುವುದು ಆ ದಿನಗಳಲ್ಲಿಯೇ.

ನಾಯಿಯ ಅಂಡಾಣುವಿನದು ಒಂದು ವಿಶೇಷ. ಬಹುತೇಕ ಸಸ್ತನಿಗಳಲ್ಲಿ ಅಂಡಾಶಯದಿಂದ ಹೊರಬೀಳುವಾಗಲೇ ಅಂಡಾಣು ಫಲಗೊಳ್ಳಲು ಸಿದ್ಧವಾಗಿರುತ್ತದೆ. ನಾಯಿಯಲ್ಲಿ ಅದು ಹೊರಬಿದ್ದ ಮೇಲೆ ಎರಡು ಮೂರು ದಿನ ಅಂಡನಾಳದಲ್ಲಿ ಬಲಿಯಬೇಕು. ಅತ್ತ ಗಂಡಿನ ವೀರ್ಯಾಣುಗಳು ಹೆಣ್ಣಿನ ದೇಹದೊಳಗೆ ಸುಮಾರು ಒಂದು ವಾರದವರೆಗೂ ಜೀವಂತವಾಗಿ ಉಳಿಯಬಲ್ಲವು. ಹಾಗಾಗಿ ಒಂದೇ ಒಂದು ಸಲ ಕಣ್ತಪ್ಪಿದರೂ ಗರ್ಭ ಕಟ್ಟಬಹುದು. ಬೇರೆ ಬೇರೆ ದಿನ ಬೇರೆ ಬೇರೆ ಗಂಡುಗಳೊಡನೆ ಕೂಡಿದರೆ ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ತಂದೆಯರಿರಲೂ ಸಾಧ್ಯ. ಕರಿ, ಕಂದು, ಚುಕ್ಕೆಯ ಮರಿಗಳು ಒಟ್ಟಿಗೆ ಹುಟ್ಟುವುದಕ್ಕೆ ಇದೂ ಒಂದು ಕಾರಣ. ಅಣ್ಣತಂಗಿ ಎಂಬ ಕಟ್ಟು ನಾಯಿಗಳಿಗಿಲ್ಲ. ಒಂದೇ ಸೂಲಿನ ಗಂಡು ಹೆಣ್ಣು ಮರಿಗಳನ್ನು ಜೊತೆಯಾಗಿ ಸಾಕಿದವರು ಆರನೆಯ ತಿಂಗಳಿಂದಲೇ ಎಚ್ಚರವಾಗಿರಬೇಕು.

ಕೂಡಿದ ನಾಯಿಗಳು ಸ್ವಲ್ಪ ಹೊತ್ತು ಬಿಡಿಸಿಕೊಳ್ಳಲಾಗದೆ ನಿಲ್ಲುವುದನ್ನು ಕಂಡು ಕಲ್ಲೆಸೆಯುವವರು, ನೀರೆರಚುವವರು ಇದ್ದಾರೆ. ಗಂಡು ನಾಯಿಯ ಶಿಶ್ನದ ಬುಡದ ಭಾಗ ಊದಿಕೊಂಡು ಹೆಣ್ಣಿನೊಳಗೆ ಸಿಕ್ಕಿಕೊಳ್ಳುವುದರಿಂದ ಹಾಗಾಗುತ್ತದೆ. ಊತ ಇಳಿದ ಮೇಲೆ ಅವು ತಾವಾಗಿಯೇ ಬೇರೆಯಾಗುತ್ತವೆ. ಎಳೆದರೆ ಎರಡಕ್ಕೂ ಗಾಯ. ಬೇಡದ ಗರ್ಭವನ್ನು ಕಲ್ಲಿನಿಂದ ತಡೆಯಲಾಗದು. ಆ ನಾಯಿ ಮನೆಯದಾಗಿದ್ದರೆ ಮುಂದೇನು ಮಾಡಬೇಕೆಂದು ಮರುದಿನವೇ ಪಶುವೈದ್ಯರನ್ನು ಕೇಳಬೇಕು.

ಗರ್ಭದ ಅವಧಿ ಸುಮಾರು 63 ದಿನ. ಹಾರ್ಮೋನುಗಳ ವಿಚಾರದಲ್ಲಿ ನಾಯಿಯ ದೇಹ ಬಹಳ ವಿಚಿತ್ರ. ಬೆದೆ ಮುಗಿದ ಮೇಲೆ ಗರ್ಭ ಕಟ್ಟಲಿ ಬಿಡಲಿ, ಗರ್ಭವನ್ನು ಪೋಷಿಸುವ ಪ್ರೊಜೆಸ್ಟರಾನ್ ಹಾರ್ಮೋನು ಸುಮಾರು ಎರಡು ತಿಂಗಳು ಹೆಚ್ಚೂಕಡಿಮೆ ಒಂದೇ ಮಟ್ಟದಲ್ಲಿ ರಕ್ತದಲ್ಲಿರುತ್ತದೆ. ಅದು ಇಳಿದಾಗ ಹಾಲು ತರಿಸುವ ಪ್ರೊಲ್ಯಾಕ್ಟಿನ್ ಏರುತ್ತದೆ. ಅದಕ್ಕೇ ಗಂಡಿನ ಹತ್ತಿರವೇ ಹೋಗದ ನಾಯಿಯೂ ಕೆಲವೊಮ್ಮೆ ಮೊಲೆ ತುಂಬಿಕೊಂಡು, ಮೂಲೆಯಲ್ಲಿ ಹಾಸಿಗೆ ಕೆದರಿ, ಹಳೆಯ ಚಪ್ಪಲಿಯನ್ನೋ ಆಟಿಕೆಯನ್ನೋ ಮರಿಯೆಂಬಂತೆ ಕಾಯುತ್ತದೆ. ಇದು ಹುಸಿಗರ್ಭ. ಪ್ರತಿ ಬೆದೆಯ ನಂತರವೂ ಗರ್ಭಕೋಶ ಹೀಗೆ ಎರಡು ತಿಂಗಳು ಬಸಿರಿಗೆ ಸಿದ್ಧವಾಗಿ ಕಾಯುವುದರ ಬೆಲೆಯೇನೆಂಬುದು ಮುಂದೆ ತಿಳಿಯುತ್ತದೆ.

ಹುಟ್ಟುವ ಲೆಕ್ಕ, ಸಾಯುವ ಲೆಕ್ಕ

ಒಂದು ಹೆಣ್ಣು ನಾಯಿ ಮತ್ತದರ ಸಂತತಿಯಿಂದ ಆರು ವರ್ಷಗಳಲ್ಲಿ 67,000 ನಾಯಿಗಳು ಹುಟ್ಟುತ್ತವೆ ಎಂಬ ಮಾತು ಜಗತ್ತಿನಾದ್ಯಂತ ಪೋಸ್ಟರುಗಳಲ್ಲಿ ಓಡಾಡುತ್ತದೆ. ಇದು ಕಾಗದದ ಮೇಲಿನ ಗುಣಾಕಾರ. ಹುಟ್ಟಿದ ಪ್ರತಿ ಮರಿಯೂ ಬದುಕಿ, ಪ್ರತಿ ಹೆಣ್ಣೂ ವರ್ಷಕ್ಕೆರಡು ಸಲ ಈದರೆ ಮಾತ್ರ ಈ ಸಂಖ್ಯೆ ಬರುತ್ತದೆ. ನಿಜವಾಗಿ ಹಾಗಾಗಿದ್ದರೆ ನಮ್ಮ ಬೀದಿಗಳಲ್ಲಿ ಮನುಷ್ಯರು ನಡೆಯಲು ಜಾಗವಿರುತ್ತಿರಲಿಲ್ಲ.

ಹಾಗಾದರೆ ಮರಿಗಳೆಲ್ಲ ಎಲ್ಲಿ ಹೋಗುತ್ತವೆ? ಕೋಲ್ಕತ್ತದ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯಲ್ಲಿ ಅನಿಂದಿತಾ ಭದ್ರ ಅವರ ತಂಡ ಬೀದಿನಾಯಿಗಳ ಬದುಕನ್ನು ವರ್ಷಗಳಿಂದ ಅಭ್ಯಾಸ ಮಾಡುತ್ತಿದೆ. ಪಶ್ಚಿಮ ಬಂಗಾಳದ 95 ಸೂಲುಗಳ 364 ಮರಿಗಳನ್ನು ಹಿಂಬಾಲಿಸಿ ಅವರು 2016ರಲ್ಲಿ ಪ್ರಕಟಿಸಿದ ಫಲಿತಾಂಶ ಎದೆ ಹಿಂಡುವಂಥದ್ದು. ಸಂತಾನೋತ್ಪತ್ತಿಯ ವಯಸ್ಸು, ಅಂದರೆ ಸುಮಾರು ಏಳು ತಿಂಗಳು ಮುಟ್ಟಿದ್ದು ಶೇ 19ರಷ್ಟು ಮರಿಗಳು ಮಾತ್ರ. ಉಳಿದವುಗಳಲ್ಲಿ ಬಹುಪಾಲು ಸಾವುಗಳಿಗೆ ನೇರವಾಗಿಯೋ ಪರೋಕ್ಷವಾಗಿಯೋ ಮನುಷ್ಯರೇ ಕಾರಣ. ವಾಹನಕ್ಕೆ ಸಿಕ್ಕಿ ಸತ್ತವು, ವಿಷ ತಿಂದು ಸತ್ತವು, ಏಟಿನಿಂದ ಸತ್ತವು, ತಾಯಿಯಿಂದ ಬೇರ್ಪಡಿಸಿ ಎತ್ತಿಕೊಂಡು ಹೋದದ್ದರಿಂದ ಕಣ್ಮರೆಯಾದವು ಎಲ್ಲವೂ ಆ ಪಟ್ಟಿಯಲ್ಲಿವೆ.

ಯಾರಾದರೂ ಸಾಕಿಕೊಳ್ಳುತ್ತಾರೆ ಎಂಬ ನಂಬಿಕೆಯಿಂದ ಪೆಟ್ಟಿಗೆಯನ್ನು ಬಿಟ್ಟುಬರುವವರು ಈ ಅಂಕಿಯನ್ನು ನೆನಪಿಡಬೇಕು. ತಾಯಿಯ ಜೊತೆಗಿದ್ದ ಮರಿಗಳಲ್ಲೇ ಐದರಲ್ಲಿ ನಾಲ್ಕು ಉಳಿಯಲಿಲ್ಲ. ತಾಯಿಯಿಲ್ಲದ, ಕಣ್ಣು ತೆರೆಯದ ಮರಿಯ ಗತಿಯನ್ನು ಬಿಡಿಸಿ ಹೇಳಬೇಕಿಲ್ಲ. ಸಂತಾನ ನಿಯಂತ್ರಣದ ಪರವಾದ ಅತಿ ದೊಡ್ಡ ವಾದ ಇದೇ: 67,000 ನಾಯಿಗಳು ಹುಟ್ಟಿಬಿಡುತ್ತವೆಂಬ ಭಯಕ್ಕಿಂತ, ಹುಟ್ಟುವ ಮರಿಗಳು ನರಳಿ ಸಾಯುತ್ತವೆಂಬ ಸತ್ಯಕ್ಕೆ ತೂಕ ಹೆಚ್ಚು.

ಆಪರೇಷನ್ ಎಂದರೇನು?

ಹೆಣ್ಣು ನಾಯಿಯಲ್ಲಿ ಎರಡೂ ಅಂಡಾಶಯಗಳನ್ನು, ಸಾಮಾನ್ಯವಾಗಿ ಅವುಗಳ ಜೊತೆ ಗರ್ಭಕೋಶವನ್ನೂ ತೆಗೆಯುತ್ತಾರೆ. ಗಂಡಿನಲ್ಲಿ ಎರಡೂ ವೃಷಣಗಳನ್ನು ತೆಗೆಯುತ್ತಾರೆ. ಮನುಷ್ಯರ ಕುಟುಂಬ ಯೋಜನೆಯ ಶಸ್ತ್ರಚಿಕಿತ್ಸೆಯಲ್ಲಿ ನಾಳವನ್ನಷ್ಟೇ ಕತ್ತರಿಸಿ ಕಟ್ಟುತ್ತಾರೆ, ಹಾರ್ಮೋನುಗಳು ಮೊದಲಿನಂತೆಯೇ ಇರುತ್ತವೆ. ನಾಯಿಗೆ ಮಾಡುವುದು ಅದಕ್ಕಿಂತ ದೊಡ್ಡ ಬದಲಾವಣೆ. ಅಂಡಾಶಯ, ವೃಷಣಗಳ ಜೊತೆಗೆ ಲೈಂಗಿಕ ಹಾರ್ಮೋನುಗಳ ಮುಖ್ಯ ಮೂಲವೇ ಹೋಗುತ್ತದೆ. ಲಾಭಗಳೂ ತೊಂದರೆಗಳೂ ಹುಟ್ಟುವುದು ಇದರಿಂದಲೇ.

ಪೂರ್ತಿ ಅರಿವಳಿಕೆ ಕೊಟ್ಟು ಮಾಡುವ ಶಸ್ತ್ರಚಿಕಿತ್ಸೆ ಇದು. ನಾಯಿಗೆ ನೋವು ತಿಳಿಯುವುದಿಲ್ಲ, ಎಚ್ಚರವಾದ ಮೇಲೆ ನೋವಿನ ಔಷಧ ಕೊಡುತ್ತಾರೆ. ಮುಂಚೆ ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದು. ಎಷ್ಟು ಹೊತ್ತು ಉಪವಾಸ ಕೆಡವಬೇಕೆಂದು ವೈದ್ಯರು ಹೇಳಿದಂತೆಯೇ ನಡೆಯಬೇಕು. ಬೆದೆಯ ಸಮಯದಲ್ಲಿ ಗರ್ಭಕೋಶಕ್ಕೆ ರಕ್ತದ ಹರಿವು ಹೆಚ್ಚಿರುವುದರಿಂದ ಬೆದೆ ಮುಗಿದು ಎರಡು ಮೂರು ತಿಂಗಳಾದ ಮೇಲೆ ಹೆಣ್ಣಿಗೆ ಮಾಡಿಸುವುದು ಸುರಕ್ಷಿತ. ಪಗ್‌ನಂಥ ಚಪ್ಪಟೆ ಮೂಗಿನ ನಾಯಿಗಳಿಗೆ ಅರಿವಳಿಕೆಯಲ್ಲಿ ಉಸಿರಾಟದ ತೊಂದರೆಯಾಗುವ ಸಂಭವವಿದೆ. ಗ್ರೇಹೌಂಡ್‌ನಂಥ ಬೇಟೆನಾಯಿಗಳ ಮೈಯಲ್ಲಿ ಕೊಬ್ಬು ಬಹಳ ಕಡಿಮೆ. ಕೆಲವು ಹಳೆಯ ಅರಿವಳಿಕೆ ಔಷಧಗಳು ಅವುಗಳ ದೇಹದಿಂದ ಬಲು ನಿಧಾನವಾಗಿ ಹೊರಹೋಗುತ್ತವೆ. ನಮ್ಮ ಮುಧೋಳ ನಾಯಿಯೂ ಅದೇ ಬಗೆಯ ಮೈಕಟ್ಟಿನದು. ಅದನ್ನು ಸಾಕಿದವರು ಈ ಮಾತನ್ನು ವೈದ್ಯರೊಡನೆ ಮೊದಲೇ ಆಡಬೇಕು.

ಆಪರೇಷನ್ ಆದ ಹತ್ತು ಹದಿನಾಲ್ಕು ದಿನ ನಾಯಿ ಹೊಲಿಗೆಯನ್ನು ನೆಕ್ಕದಂತೆ, ಓಡಿ ಜಿಗಿಯದಂತೆ ನೋಡಿಕೊಳ್ಳಬೇಕು. ಕುತ್ತಿಗೆಗೆ ಹಾಕುವ ಆಲಿಕೆಯಾಕಾರದ ಕಾಲರನ್ನು ಪಾಪ ಎಂದು ಬಿಚ್ಚಿದವರೇ ಮತ್ತೆ ಹೊಲಿಗೆ ಹಾಕಿಸಲು ಓಡುತ್ತಾರೆ. ಗಂಡು ನಾಯಿಯ ನಾಳಗಳಲ್ಲಿ ವೀರ್ಯಾಣುಗಳು ಕೆಲವು ವಾರ ಉಳಿದಿರಬಹುದು. ಅಲ್ಲಿಯವರೆಗೆ ಅದನ್ನು ಬೆದೆಗೆ ಬಂದ ಹೆಣ್ಣಿನಿಂದ ದೂರವಿಡಬೇಕು.

ಯಾವ ಕಾಯಿಲೆ ತಪ್ಪುತ್ತದೆ?

ಬೆದೆಯ ನಂತರದ ಆ ಎರಡು ತಿಂಗಳ ಪ್ರೊಜೆಸ್ಟರಾನ್‌ಗೆ ಮರಳೋಣ. ಅದರ ಪ್ರಭಾವದಲ್ಲಿ ಗರ್ಭಕೋಶದ ಒಳಪದರ ದಪ್ಪವಾಗುತ್ತದೆ, ಗ್ರಂಥಿಗಳು ದ್ರವ ಸುರಿಸುತ್ತವೆ, ಗರ್ಭಕೋಶ ಕುಗ್ಗುವುದು ನಿಲ್ಲುತ್ತದೆ. ಭ್ರೂಣಕ್ಕೆ ಹಿತವಾದ ಈ ಜಾಗ ಬ್ಯಾಕ್ಟೀರಿಯಾಕ್ಕೂ ಹಿತವೇ. ವರ್ಷ ವರ್ಷವೂ ಇದು ಮರುಕಳಿಸಿದಂತೆ ಒಳಪದರ ಕೆಡುತ್ತಾ ಬಂದು, ಒಂದು ದಿನ ಗರ್ಭಕೋಶದ ತುಂಬ ಕೀವು ತುಂಬಿಕೊಳ್ಳುತ್ತದೆ. ಪಶುವೈದ್ಯರು ಇದನ್ನು ಪಯೋಮೆಟ್ರಾ ಎನ್ನುತ್ತಾರೆ. ಬೆದೆ ಮುಗಿದ ಕೆಲವು ವಾರಗಳಲ್ಲಿ ನಡುವಯಸ್ಸಿನ ಹೆಣ್ಣು ನಾಯಿ ಊಟ ಬಿಟ್ಟು, ವಿಪರೀತ ನೀರು ಕುಡಿದು, ಪದೇ ಪದೇ ಮೂತ್ರ ಮಾಡುತ್ತ ಮಂಕಾದರೆ ಮೊದಲು ಇದನ್ನೇ ಅನುಮಾನಿಸಬೇಕು. ಕೀವು ಹೊರಗೆ ಹರಿದರೆ ಗೊತ್ತಾಗುತ್ತದೆ. ಗರ್ಭಕೋಶದ ಬಾಯಿ ಮುಚ್ಚಿಕೊಂಡಿದ್ದರೆ ಹೊರಗೆ ಏನೂ ಕಾಣದೆ ನಾಯಿ ಸಾವಿನ ಅಂಚಿಗೆ ಬಂದಿರುತ್ತದೆ.

ಸ್ವೀಡನ್ನಿನಲ್ಲಿ ಹೆಣ್ಣು ನಾಯಿಗಳಿಗೆ ಸಂತಾನಹರಣ ಮಾಡಿಸುವ ರೂಢಿ ಕಡಿಮೆ, ನಾಯಿಗಳಿಗೆ ವಿಮೆ ಮಾಡಿಸುವ ರೂಢಿ ಹೆಚ್ಚು. ಅಲ್ಲಿನ ವಿಮಾ ದಾಖಲೆಗಳನ್ನು ಪರಿಶೀಲಿಸಿದ ಸಂಶೋಧಕರಿಗೆ ಕಂಡದ್ದು, ಹತ್ತು ವರ್ಷ ವಯಸ್ಸಾಗುವಷ್ಟರಲ್ಲಿ ಸುಮಾರು ಕಾಲುಭಾಗದಷ್ಟು ಹೆಣ್ಣು ನಾಯಿಗಳಿಗೆ ಈ ಕಾಯಿಲೆ ಬಂದಿತ್ತು. ಚಿಕಿತ್ಸೆಯೆಂದರೆ ಬಹುತೇಕ ಮತ್ತದೇ ಶಸ್ತ್ರಚಿಕಿತ್ಸೆ. ಆರೋಗ್ಯವಂತ ಎಳೆಯ ನಾಯಿಗೆ ಸುಲಭವಾಗಿ ಆಗಬಹುದಾಗಿದ್ದದ್ದನ್ನು ವಿಷವೇರಿದ ಮುದಿ ನಾಯಿಗೆ ಪ್ರಾಣ ಪಣಕ್ಕಿಟ್ಟು ಮಾಡಬೇಕಾಗುತ್ತದೆ.

ಎರಡನೆಯದು ಸ್ತನದ ಗಡ್ಡೆ. ಹೆಣ್ಣು ನಾಯಿಗಳಲ್ಲಿ ಇದು ತೀರ ಸಾಮಾನ್ಯ, ಮತ್ತು ಇಂಥ ಗಡ್ಡೆಗಳಲ್ಲಿ ಸುಮಾರು ಅರ್ಧದಷ್ಟು ಕ್ಯಾನ್ಸರ್. 1969ರಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯಾದ ಅಧ್ಯಯನವೊಂದು, ಸಂತಾನಹರಣವಾಗದ ನಾಯಿಗೆ ಹೋಲಿಸಿದರೆ ಮೊದಲ ಬೆದೆಗೆ ಮುಂಚೆ ಆಪರೇಷನ್ ಆದ ನಾಯಿಗೆ ಈ ಕ್ಯಾನ್ಸರಿನ ಅಪಾಯ ಶೇ 0.5ಕ್ಕೆ, ಒಂದು ಬೆದೆಯ ನಂತರ ಆದರೆ ಶೇ 8ಕ್ಕೆ, ಎರಡು ಅಥವಾ ಹೆಚ್ಚು ಬೆದೆಗಳ ನಂತರ ಆದರೆ ಶೇ 26ಕ್ಕೆ ಇಳಿಯುತ್ತದೆ ಎಂದಿತು. ಜಗತ್ತಿನ ಪಶುವೈದ್ಯಕೀಯ ಪಠ್ಯಗಳಲ್ಲೆಲ್ಲ ಈ ಅಂಕಿಗಳಿವೆ. 2012ರಲ್ಲಿ ಬ್ರಿಟನ್ನಿನ ಸಂಶೋಧಕರು ಈ ಬಗೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಜರಡಿ ಹಿಡಿದು, ಸಾಕ್ಷ್ಯ ಅಷ್ಟೊಂದು ಗಟ್ಟಿಯಿಲ್ಲ ಎಂದರು. ರಕ್ಷಣೆ ಇದೆಯೆಂಬುದನ್ನು ಹೆಚ್ಚಿನ ವೈದ್ಯರು ಈಗಲೂ ಒಪ್ಪುತ್ತಾರೆ. ಅದರ ನಿಖರ ಪ್ರಮಾಣವನ್ನು ಮಾತ್ರ ಕಣ್ಣುಮುಚ್ಚಿ ನಂಬಬಾರದು.

ಗಂಡಿನಲ್ಲಿ ವೃಷಣದ ಗಡ್ಡೆಗಳು ಸಂಪೂರ್ಣ ತಪ್ಪುತ್ತವೆ. ವಯಸ್ಸಾದ ಗಂಡು ನಾಯಿಗಳನ್ನು ಕಾಡುವ ಪ್ರಾಸ್ಟೇಟ್ ಊತ, ಗುದದ್ವಾರದ ಸುತ್ತಲಿನ ಕೆಲವು ಗಡ್ಡೆಗಳು ಬಹಳ ಕಡಿಮೆಯಾಗುತ್ತವೆ. ಹೊಟ್ಟೆಯೊಳಗೇ ಉಳಿದ, ಚೀಲಕ್ಕೆ ಇಳಿಯದ ವೃಷಣದಲ್ಲಿ ಕ್ಯಾನ್ಸರಿನ ಅಪಾಯ ಹಲವು ಪಟ್ಟು. ಅಂಥ ನಾಯಿಗೆ ಆಪರೇಷನ್ ಮಾಡಿಸಲೇಬೇಕು.

ಮೂರನೆಯದು ನಮ್ಮ ಬೀದಿಗಳಲ್ಲಿ ಸಾಮಾನ್ಯವಾಗಿರುವ, ವಿಜ್ಞಾನಿಗಳನ್ನು ಬೆರಗುಗೊಳಿಸಿರುವ ಕಾಯಿಲೆ. ನಾಯಿಗಳ ಜನನಾಂಗದ ಮೇಲೆ ಹೂಕೋಸಿನ ಆಕಾರದ, ರಕ್ತ ಸುರಿಯುವ ಗಡ್ಡೆಯನ್ನು ಹಲವರು ನೋಡಿರಬಹುದು. ಇದು ಕೂಡುವಿಕೆಯಿಂದ ಹರಡುವ ಕ್ಯಾನ್ಸರ್. ವೈರಾಣುವಿನಿಂದ ಬರುವುದಲ್ಲ. ಕ್ಯಾನ್ಸರಿನ ಕೋಶಗಳೇ ಒಂದು ನಾಯಿಯ ಮೈಯಿಂದ ಇನ್ನೊಂದರ ಮೈಗೆ ದಾಟಿ ಬೇರೂರುತ್ತವೆ. ಈ ಗಡ್ಡೆಗಳ ಡಿಎನ್‌ಎ ಪರೀಕ್ಷಿಸಿದರೆ ಅದು ಆತಿಥೇಯ ನಾಯಿಯದಲ್ಲ. ಸಾವಿರಾರು ವರ್ಷಗಳ ಹಿಂದೆ ಬದುಕಿದ್ದ ಒಂದೇ ಒಂದು ನಾಯಿಯದು. ಆ ನಾಯಿ ಎಂದೋ ಸತ್ತಿದೆ, ಅದರ ಕ್ಯಾನ್ಸರ್ ಮಾತ್ರ ಖಂಡಖಂಡಗಳನ್ನು ದಾಟಿ ಇಂದಿಗೂ ಬದುಕಿದೆ. ಇದಕ್ಕೆ ಕೊಡುವ ವಿನ್‌ಕ್ರಿಸ್ಟಿನ್ ಎಂಬ ಔಷಧದ ಮೂಲ ನಮ್ಮ ಅಂಗಳಗಳಲ್ಲಿ ಅರಳುವ ಕಾಶಿ ಕಣಗಿಲೆಯ ಗಿಡ. ಕೆಲವು ವಾರಗಳ ಚುಚ್ಚುಮದ್ದಿನಿಂದ ಬಹುಪಾಲು ನಾಯಿಗಳು ಗುಣವಾಗುತ್ತವೆ. ಕೂಡುವಿಕೆಯೇ ತಪ್ಪಿದರೆ ರೋಗ ಹರಡುವ ಮುಖ್ಯ ದಾರಿಯೂ ಮುಚ್ಚುತ್ತದೆ.

ಬೆದೆ ನಿಲ್ಲಿಸುವ ಇಂಜೆಕ್ಷನ್ ಇದೆಯಲ್ಲ, ಆಪರೇಷನ್ ಯಾಕೆ ಎಂದು ಕೇಳುವವರಿದ್ದಾರೆ. ಆ ಚುಚ್ಚುಮದ್ದುಗಳಲ್ಲಿ ಸಾಮಾನ್ಯವಾಗಿ ಇರುವುದು ಪ್ರೊಜೆಸ್ಟರಾನ್ ಮಾದರಿಯ ರಾಸಾಯನಿಕ. ಗರ್ಭಕೋಶದ ಕೀವಿಗೂ ಸ್ತನದ ಗಡ್ಡೆಗೂ ದಾರಿ ಮಾಡುವ ಹಾರ್ಮೋನನ್ನೇ ಮತ್ತಷ್ಟು ಕೊಟ್ಟಂತಾಗುತ್ತದೆ. ಅದನ್ನು ವರ್ಷ ವರ್ಷವೂ ಹಾಕಿಸುವುದು ನಾಯಿಯನ್ನು ಕಾಯಿಲೆಗೆ ದೂಡಿದಂತೆ.

ತಕ್ಕಡಿಯ ಇನ್ನೊಂದು ತಟ್ಟೆ

ಲಾಭವನ್ನಷ್ಟೇ ಹೇಳಿ ಮುಗಿಸಿದರೆ ಅದು ವಿಜ್ಞಾನವಾಗದು. ಲೈಂಗಿಕ ಹಾರ್ಮೋನುಗಳಿಗೆ ಸಂತಾನದ ಹೊರತಾಗಿಯೂ ಕೆಲಸವಿದೆ. ಎಳೆಯ ನಾಯಿಯ ಉದ್ದ ಮೂಳೆಗಳ ತುದಿಯಲ್ಲಿ ಬೆಳವಣಿಗೆಯ ಫಲಕಗಳಿರುತ್ತವೆ. ಪ್ರಾಯ ಬಂದಂತೆ ಲೈಂಗಿಕ ಹಾರ್ಮೋನುಗಳ ಸೂಚನೆಯಿಂದ ಈ ಫಲಕಗಳು ಮುಚ್ಚಿ ಮೂಳೆ ಉದ್ದವಾಗುವುದು ನಿಲ್ಲುತ್ತದೆ. ಅದಕ್ಕೂ ಮುಂಚೆ ಅಂಡಾಶಯ ಅಥವಾ ವೃಷಣ ತೆಗೆದರೆ ಫಲಕಗಳು ತಡವಾಗಿ ಮುಚ್ಚುತ್ತವೆ, ಕಾಲುಗಳು ಸ್ವಲ್ಪ ಹೆಚ್ಚು ಉದ್ದವಾಗುತ್ತವೆ, ಕೀಲುಗಳ ಹೊಂದಾಣಿಕೆ ಏರುಪೇರಾಗುತ್ತದೆ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಬೆಂಜಮಿನ್ ಹಾರ್ಟ್ ಮತ್ತು ಲಿನೆಟ್ ಹಾರ್ಟ್ ತಂಡ ಇದನ್ನು ತಳಿವಾರು ಪರಿಶೀಲಿಸಿದೆ. 2013ರಲ್ಲಿ ಗೋಲ್ಡನ್ ರಿಟ್ರೀವರ್ ಬಗ್ಗೆ ಬಂದ ಅವರ ವರದಿಯಲ್ಲಿ, ಒಂದು ವರ್ಷದೊಳಗೆ ಆಪರೇಷನ್ ಆದ ಗಂಡುಗಳಲ್ಲಿ ಸೊಂಟದ ಕೀಲಿನ ದೋಷ ಆಪರೇಷನ್ ಆಗದ ಗಂಡುಗಳಿಗಿಂತ ಎರಡು ಪಟ್ಟಿತ್ತು. 2016ರ ವರದಿಯ ಪ್ರಕಾರ, ಒಂದು ವರ್ಷಕ್ಕೆ ಮುಂಚೆ ಆಪರೇಷನ್ ಆದ ಗಂಡು ಜರ್ಮನ್ ಶೆಫರ್ಡ್‌ಗಳಲ್ಲಿ ಶೇ 21ಕ್ಕೆ ಕೀಲಿನ ತೊಂದರೆ ಬಂತು. ಆಪರೇಷನ್ ಆಗದವುಗಳಲ್ಲಿ ಅದು ಶೇ 7. 2020ರಲ್ಲಿ 35 ತಳಿಗಳ ಮಾಹಿತಿ ಪ್ರಕಟಿಸಿದಾಗ ಇನ್ನೊಂದು ಸಂಗತಿ ಸ್ಪಷ್ಟವಾಯಿತು. ಪುಟ್ಟ ತಳಿಗಳಲ್ಲಿ ಬೇಗ ಆಪರೇಷನ್ ಮಾಡಿಸಿದರೂ ಕೀಲಿನ ತೊಂದರೆ ಹೆಚ್ಚಲಿಲ್ಲ. ದೊಡ್ಡ ತಳಿಗಳಲ್ಲೂ ಎಲ್ಲವೂ ಒಂದೇ ಬಗೆಯಾಗಿರಲಿಲ್ಲ.

ಇನ್ನು ಕೆಲವು ತೊಂದರೆಗಳಿವೆ. ಹೆಣ್ಣು ನಾಯಿಗಳಲ್ಲಿ, ಮುಖ್ಯವಾಗಿ ದೊಡ್ಡ ತಳಿಗಳಲ್ಲಿ, ವಯಸ್ಸಾದ ಮೇಲೆ ಮಲಗಿದ್ದಲ್ಲೇ ಮೂತ್ರ ಸೋರುವ ಸಾಧ್ಯತೆ ಹೆಚ್ಚುತ್ತದೆ. ಇದನ್ನು ಔಷಧದಿಂದ ಬಹುಮಟ್ಟಿಗೆ ಹತೋಟಿಯಲ್ಲಿಡಬಹುದು. ಕೆಲವು ತಳಿಗಳಲ್ಲಿ ಕೆಲವು ಬಗೆಯ ಕ್ಯಾನ್ಸರ್ ಹೆಚ್ಚಾಗಿ ಕಂಡಿದೆ. ಮೈಯ ಶಕ್ತಿವೆಚ್ಚ ಕಡಿಮೆಯಾಗಿ ಹಸಿವು ಹೆಚ್ಚುವುದರಿಂದ ನಾಯಿ ದಪ್ಪಗಾಗುತ್ತದೆ. ಆಪರೇಷನ್ ಆದ ಮೇಲೆ ಊಟವನ್ನು ಸುಮಾರು ಕಾಲುಭಾಗ ಇಳಿಸಿ, ನಡಿಗೆಯನ್ನು ಬಿಡದಿದ್ದರೆ ಇದನ್ನು ತಡೆಯಬಹುದು.

ಒಟ್ಟಾರೆ ಆಯಸ್ಸಿನ ಮಾತೇನು? ಅಮೆರಿಕದ ಪಶುವೈದ್ಯಕೀಯ ಬೋಧನಾ ಆಸ್ಪತ್ರೆಗಳಲ್ಲಿ ಸತ್ತ ನಲವತ್ತು ಸಾವಿರಕ್ಕೂ ಹೆಚ್ಚು ನಾಯಿಗಳ ದಾಖಲೆಯನ್ನು 2013ರಲ್ಲಿ ಜಾರ್ಜಿಯಾ ವಿಶ್ವವಿದ್ಯಾಲಯದ ಸಂಶೋಧಕರು ವಿಶ್ಲೇಷಿಸಿದರು. ಸಂತಾನಹರಣವಾದ ನಾಯಿಗಳು ಸರಾಸರಿ 9.4 ವರ್ಷಕ್ಕೆ, ಆಗದವು 7.9 ವರ್ಷಕ್ಕೆ ಸತ್ತಿದ್ದವು. ಮೊದಲ ಗುಂಪಿನಲ್ಲಿ ಸೋಂಕು ಮತ್ತು ಅಪಘಾತದ ಸಾವು ಕಡಿಮೆ, ಕ್ಯಾನ್ಸರಿನ ಸಾವು ಹೆಚ್ಚು. ಆಪರೇಷನ್ ಮಾಡಿಸುವವರು ಬೇರೆ ಕಾಳಜಿಯನ್ನೂ ಹೆಚ್ಚಾಗಿ ಮಾಡುತ್ತಾರೆ ಎಂಬುದನ್ನೂ ಈ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು.

ಹಾಗಾದರೆ ಯಾವಾಗ? ಪುಟ್ಟ ತಳಿ ಮತ್ತು ಸಾಧಾರಣ ಗಾತ್ರದ ನಾಟಿ ನಾಯಿಗೆ ಆರೇಳು ತಿಂಗಳ ಆಸುಪಾಸು ಸರಿಯಾದ ಸಮಯ. ಲ್ಯಾಬ್ರಡಾರ್, ಶೆಫರ್ಡ್, ರಾಟ್‌ವೀಲರ್‌ನಂಥ ದೊಡ್ಡ ನಾಯಿಯನ್ನು ಬೆದೆಯ ದಿನಗಳಲ್ಲಿ ಕಟ್ಟಿ ಕಾಯುವ ಅನುಕೂಲ ನಿಮಗಿದ್ದರೆ ಮೂಳೆ ಬಲಿಯುವವರೆಗೆ, ಅಂದರೆ ಒಂದರಿಂದ ಎರಡು ವರ್ಷದವರೆಗೆ ಕಾಯುವುದು ಮೇಲು. ಗೇಟು ತೆರೆದೇ ಇರುವ ಮನೆಯಲ್ಲಿ, ತೋಟದಲ್ಲಿ ಬಿಟ್ಟು ಸಾಕುವಲ್ಲಿ ಆ ಕಾಯುವಿಕೆಗೆ ಅರ್ಥವಿಲ್ಲ. ತಳಿ, ಲಿಂಗ, ಗಾತ್ರ, ಮನೆಯ ಪರಿಸ್ಥಿತಿ ಎಲ್ಲವನ್ನೂ ಮುಂದಿಟ್ಟುಕೊಂಡು ಪಶುವೈದ್ಯರ ಜೊತೆ ಕೂತು ತೀರ್ಮಾನಿಸಬೇಕು.

ತಪ್ಪು ನಂಬಿಕೆಗಳು

ಒಂದು ಸಲವಾದರೂ ಮರಿ ಹಾಕದಿದ್ದರೆ ಹೆಣ್ಣು ನಾಯಿಗೆ ಕಾಯಿಲೆ ಬರುತ್ತದೆ ಎಂಬ ಮಾತು ಮನೆಮನೆಯಲ್ಲಿದೆ. ಇದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಒಂದು ಸೂಲಿನಿಂದ ನಾಯಿಯ ಆರೋಗ್ಯ ಉತ್ತಮವಾಗುವುದಿಲ್ಲ, ಗರ್ಭ ಮತ್ತು ಹೆರಿಗೆಯ ಅಪಾಯಗಳು ಮಾತ್ರ ಸೇರಿಕೊಳ್ಳುತ್ತವೆ. ಬಾಣಂತಿ ನಾಯಿಗೆ, ಅದರಲ್ಲೂ ಪುಟ್ಟ ತಳಿಗಳಿಗೆ, ಕ್ಯಾಲ್ಸಿಯಂ ಕುಸಿದು ಸೆಟೆತ ಬರುವುದೂ ಉಂಟು.

ಆಪರೇಷನ್ ಮಾಡಿಸಿದರೆ ನಾಯಿ ಸೋಮಾರಿಯಾಗುತ್ತದೆ, ಮನೆ ಕಾಯುವುದಿಲ್ಲ ಎಂಬುದು ಇನ್ನೊಂದು. ನಮ್ಮ ರೈತರು ಹೋರಿಗೆ ಬೀಜ ಹೊಡೆಸಿಯೇ ಎತ್ತು ಮಾಡುತ್ತಾರೆ. ಆ ಎತ್ತೇ ಹೊಲ ಉಳುತ್ತದೆ, ಗಾಡಿ ಎಳೆಯುತ್ತದೆ. ನಾಯಿ ಮನೆ ಕಾಯುವುದು ತನ್ನ ಜಾಗ ಮತ್ತು ತನ್ನವರ ಮೇಲಿನ ಅಂಟಿನಿಂದ. ಅದಕ್ಕೆ ವೃಷಣ ಬೇಕಿಲ್ಲ.

ಆಪರೇಷನ್ ಆದರೆ ಕಚ್ಚುವ ನಾಯಿ ಸಾಧುವಾಗುತ್ತದೆ ಎಂಬ ನಂಬಿಕೆಯೂ ತಪ್ಪೇ. ಹೆಣ್ಣನ್ನು ಅರಸಿ ಅಲೆಯುವುದು, ಸಿಕ್ಕಲ್ಲೆಲ್ಲ ಮೂತ್ರದಿಂದ ಗುರುತು ಹಾಕುವುದು, ಇತರ ಗಂಡುಗಳೊಡನೆ ಹೆಣ್ಣಿಗಾಗಿ ಜಗಳ ಇವು ಕಡಿಮೆಯಾಗುತ್ತವೆ. ಭಯದಿಂದ ಕಚ್ಚುವ ನಾಯಿಯ ಭಯ ಹಾಗೆಯೇ ಉಳಿಯುತ್ತದೆ. ಅದಕ್ಕೆ ಬೇಕಾದದ್ದು ತಾಳ್ಮೆಯ ತರಬೇತಿ. ಮರಿಯಾಗಿದ್ದಾಗಲೇ ಮಕ್ಕಳು, ಅಪರಿಚಿತರು, ವಾಹನಗಳ ಸದ್ದು ಎಲ್ಲಕ್ಕೂ ಹೊಂದಿಸಿ ಬೆಳೆಸುವುದು ಎಲ್ಲಕ್ಕಿಂತ ಮುಖ್ಯ.

ಮನೆಯಿಂದ ಬೀದಿಗೆ

ಬೀದಿನಾಯಿಗಳನ್ನು ಕೊಲ್ಲುವುದರಿಂದ ಅವುಗಳ ಸಂಖ್ಯೆಯೂ ಇಳಿಯುವುದಿಲ್ಲ, ರೇಬೀಸೂ ಇಳಿಯುವುದಿಲ್ಲ ಎಂಬುದನ್ನು ಗಮನಿಸಿ, ಹಿಡಿದು ಸಂತಾನಹರಣ ಮಾಡಿ ಬಿಡುವ ಕ್ರಮವನ್ನು 1964ರಲ್ಲೇ ಪ್ರತಿಪಾದಿಸಿದ್ದು ಚೆನ್ನೈನ ಬ್ಲೂ ಕ್ರಾಸ್. 2001ರಲ್ಲಿ ಕೇಂದ್ರ ಸರ್ಕಾರದ ನಿಯಮಗಳು ಬಂದವು. ಜೈಪುರದಲ್ಲಿ 1994ರಲ್ಲಿ ಶುರುವಾದ ಕಾರ್ಯಕ್ರಮದ ಫಲಿತಾಂಶ 2006ರಲ್ಲಿ ಪ್ರಕಟವಾಯಿತು: ಸುಮಾರು ಶೇ 65ರಷ್ಟು ಹೆಣ್ಣು ನಾಯಿಗಳಿಗೆ ಸಂತಾನಹರಣ ಮತ್ತು ಲಸಿಕೆ ಆದಾಗ ನಾಯಿಗಳ ಸಂಖ್ಯೆ ಶೇ 28ರಷ್ಟು ಇಳಿಯಿತು, ಆ ಪ್ರದೇಶದಲ್ಲಿ ಮನುಷ್ಯರ ರೇಬೀಸ್ ಪ್ರಕರಣಗಳು ಸೊನ್ನೆಗೆ ಬಂದವು. ಬೆಂಗಳೂರಿನ ಪಾಲಿಕೆ 2019ರಲ್ಲಿ ಎಣಿಸಿದಾಗ ನಗರದಲ್ಲಿ ಸುಮಾರು 3.10 ಲಕ್ಷ ಬೀದಿನಾಯಿಗಳಿದ್ದವು. 2023ರಲ್ಲಿ ಅದು ಸುಮಾರು 2.79 ಲಕ್ಷಕ್ಕೆ ಇಳಿದಿತ್ತು. ಸಂತಾನಹರಣವಾದ ನಾಯಿಗಳ ಪ್ರಮಾಣ ಶೇ 51ರಿಂದ ಸುಮಾರು ಶೇ 72ಕ್ಕೆ ಏರಿತ್ತು.

ಈ ಶ್ರಮವೆಲ್ಲ ಒಡೆದ ಕೊಡಕ್ಕೆ ನೀರು ಹೊಯ್ದಂತಾಗದಿರಬೇಕಾದರೆ ಮನೆಗಳಿಂದ ಬೀದಿಗೆ ಬರುವ ಮರಿಗಳು ನಿಲ್ಲಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ರೇಬೀಸಿನಿಂದ ಸಾಯುತ್ತಾರೆ, ಅದರಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಭಾರತದ್ದು. ಶೇ 70ರಷ್ಟು ನಾಯಿಗಳಿಗೆ ಲಸಿಕೆ ಹಾಕಿದರೆ ರೋಗದ ಸರಪಳಿ ತುಂಡಾಗುತ್ತದೆ. ಪ್ರತಿ ಚಳಿಗಾಲದಲ್ಲೂ ಲಸಿಕೆಯಿಲ್ಲದ ಹೊಸ ಮರಿಗಳು ಸೇರುತ್ತಾ ಹೋದರೆ ಆ ಶೇ 70ನ್ನು ಉಳಿಸಿಕೊಳ್ಳುವುದು ಕಷ್ಟ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಸಾಕುಪ್ರಾಣಿಯ ಜಂತುನಾಶಕ ಔಷಧ, ಲಸಿಕೆ ಮತ್ತು ಸಂತಾನಹರಣ ಮಾಲೀಕರ ಹೊಣೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ, ಹಸಿವು ಬಾಯಾರಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ಬಿಟ್ಟುಹೋಗುವುದು ಅಪರಾಧ. ನಾಯಿಮರಿ ಮಾರುವವರಿಗೂ 2017ರ ನಿಯಮಗಳಿವೆ: ನೋಂದಣಿ ಕಡ್ಡಾಯ, 18 ತಿಂಗಳಿಗೆ ಮುಂಚೆ ಹೆಣ್ಣು ನಾಯಿಯಿಂದ ಮರಿ ಪಡೆಯುವಂತಿಲ್ಲ, ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಸೂಲು ಕೂಡದು, ಎಂಟು ವಾರ ತುಂಬದ ಮರಿಯನ್ನು ಮಾರಕೂಡದು. ಮರಿ ಕೊಳ್ಳುವವರು ನೋಂದಣಿ ಪತ್ರ ಕೇಳಬೇಕು, ತಾಯಿನಾಯಿಯನ್ನು ಕಣ್ಣಾರೆ ನೋಡಬೇಕು.

ಸಂತಾನಹರಣ ಮಾಡಿಸದೆಯೂ ಹೊಣೆಗಾರರಾಗಿರಬಹುದೇ? ಹೌದು. ನಾರ್ವೆಯಲ್ಲಿ ಸಕಾರಣವಿಲ್ಲದೆ ಪ್ರಾಣಿಗೆ ಶಸ್ತ್ರಚಿಕಿತ್ಸೆ ಮಾಡಿಸಲು ಕಾನೂನು ಒಪ್ಪುವುದಿಲ್ಲ, ಬಹುಪಾಲು ನಾಯಿಗಳು ಹಾಗೆಯೇ ಇವೆ, ಆದರೂ ಅಲ್ಲಿ ಬೀದಿನಾಯಿಗಳ ಸಮಸ್ಯೆಯಿಲ್ಲ. ಅಲ್ಲಿ ನಾಯಿ ಒಂಟಿಯಾಗಿ ಹೊರಗೆ ಅಲೆಯುವುದಿಲ್ಲ, ಬೆದೆಯ ದಿನಗಳಲ್ಲಿ ಕಾವಲು ತಪ್ಪುವುದಿಲ್ಲ. ಅಷ್ಟು ಕಟ್ಟುನಿಟ್ಟು ನಮ್ಮ ಮನೆಗಳಲ್ಲಿ ಸಾಧ್ಯವೇ ಎಂದು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು. ಗೇಟಿನ ಹೊರಗೆ ಹತ್ತಾರು ನಾಯಿಗಳು ಓಡಾಡುವ ನಮ್ಮ ಊರುಗಳಲ್ಲಿ ಹೆಚ್ಚಿನವರಿಗೆ ಅದು ಆಗದ ಮಾತು.

ಆದ್ದರಿಂದ ನಾಯಿ ಸಾಕುತ್ತಿರುವ, ಸಾಕಲಿರುವ ಪ್ರತಿಯೊಬ್ಬರಲ್ಲೂ ನನ್ನ ವಿನಂತಿ ಇದು. ಹದಿನೈದು ವರ್ಷ ನೋಡಿಕೊಳ್ಳಲು ಸಾಧ್ಯವೆಂದು ಖಚಿತವಾದರೆ ಮಾತ್ರ ಮರಿಯನ್ನು ತನ್ನಿ. ಅಂಗಡಿಗೆ ಹೋಗುವ ಮುಂಚೆ ಬೀದಿಯ ಮರಿಯೊಂದನ್ನು ಸಾಕಬಹುದೇ ಎಂದು ಯೋಚಿಸಿ. ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಆಮೇಲೆ ವೈದ್ಯರು ಹೇಳಿದಂತೆ ಮರುಲಸಿಕೆ ಹಾಕಿಸಿ. ಮೊದಲ ಲಸಿಕೆಗೆ ಹೋದ ದಿನವೇ ಸಂತಾನಹರಣಕ್ಕೆ ಯಾವ ವಯಸ್ಸು ಸರಿ ಎಂದು ಕೇಳಿ ಪುಸ್ತಕದಲ್ಲಿ ಬರೆಸಿಕೊಳ್ಳಿ. ಹೆಣ್ಣೆಂಬ ಕಾರಣಕ್ಕೆ ಮರಿಯನ್ನು ಬೇಡವೆನ್ನಬೇಡಿ. ಆಪರೇಷನ್ ಆದ ಹೆಣ್ಣು ನಾಯಿಯನ್ನು ಸಾಕುವುದರಲ್ಲಿ ಬೆದೆಯ, ಮರಿಗಳ ತೊಡಕು ಇರುವುದಿಲ್ಲ. ಕೈಮೀರಿ ಮರಿಗಳು ಹುಟ್ಟಿಯೇಬಿಟ್ಟರೆ ಎಂಟು ವಾರ ತಾಯಿಯ ಜೊತೆಗಿರಿಸಿ, ಲಸಿಕೆ ಹಾಕಿಸಿ, ಒಂದೊಂದಕ್ಕೂ ಮನೆ ಹುಡುಕಿಕೊಡಿ. ಅಷ್ಟು ಮಾಡಲಾಗದವರು ನಾಯಿ ಸಾಕಬಾರದು.